ಮುಳ್ಳೇರಿಯದ ಜೀಪಿಗೆ ನಡುಕ ಎಲ್ಲಿಂದ ಬಂತು

ದಾವಣಗೆರೆಯಿಂದ ಫೋನು ಮಾಡುವವರೆಲ್ಲ ನನ್ನನ್ನು ಕೇಳುವುದು ಮೂರೇ ವಿಷಯ: ಮಳೆ, ಮೀನು, ಮಲಯಾಳ. ಕಾಸರಗೋಡಿಗೆ ಸೊಸೆಯಾಗಿ ಬಂದ ನನಗೆ ಈ ನೆಲ ಹತ್ತಿರವಾಗಿದ್ದು ಈ ಮೂರರಿಂದಲೂ ಅಲ್ಲ, ಜೀಪಿನಿಂದ. ನಮ್ಮ ಮನೆ ಮುಳ್ಳೇರಿಯದ ಹತ್ತಿರ. ಚೆರ್ಕಳ-ಜಾಲ್ಸೂರು ರಸ್ತೆ ಬಿಟ್ಟು ಗುಡ್ಡದ ಕಡೆ ತಿರುಗಿದರೆ ಡಾಂಬರು ಮುಗಿದು ಮುರಕಲ್ಲಿನ ಏರುದಾರಿ ಶುರುವಾಗುತ್ತದೆ. ಕೆಳಗೆ ಅಡಿಕೆ ತೋಟ, ಮೇಲೆ ರಬ್ಬರು. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರಿದು. ಆಷಾಢದಲ್ಲಿ ಆ ದಾರಿಯಲ್ಲಿ ಕಾರು ಹತ್ತುವ ಮಾತೇ ಇಲ್ಲ. ಗೊಬ್ಬರದ ಚೀಲ, ಅಡಿಕೆ ಮೂಟೆ, ಆಸ್ಪತ್ರೆಗೆ ಹೋಗಬೇಕಾದ ಮಾವನವರು, ಎಲ್ಲಕ್ಕೂ ಜೀಪೇ ಗತಿ.

ನಮ್ಮದು ಕೆಎಲ್ 14 ನೋಂದಣಿಯ ಹಳೆಯ ಮಹೀಂದ್ರ ಎಂಎಂ540. ತೋಟದ ದಾರಿಯಲ್ಲಿ ಹೊಟ್ಟೆ ಕಲ್ಲಿಗೆ ತಾಗುತ್ತದೆ ಎಂದು ಮೈದುನ ಅದನ್ನು ಎತ್ತರಿಸಲು ಕೊಟ್ಟ. ಈ ಜೀಪಿನಲ್ಲಿ ಲೀಫ್ ಸ್ಪ್ರಿಂಗಿನ, ಅಂದರೆ ಬಾಗಿದ ಉಕ್ಕಿನ ಪಟ್ಟಿಗಳ, ಕಟ್ಟು ಎಡಬಲ ಚಕ್ರಗಳನ್ನು ಹೊತ್ತ ಆಕ್ಸಲ್ಲಿನ ಕೆಳಗಿರುತ್ತದೆ. ಅದನ್ನು ಬಿಚ್ಚಿ ಆಕ್ಸಲ್ಲಿನ ಮೇಲೆ ಕೂರಿಸಿದರೆ ಜೀಪು ಸುಮಾರು ಐದು ಇಂಚು ಎದ್ದು ನಿಲ್ಲುತ್ತದೆ. ಅದರ ಮೇಲೆ 31 ಇಂಚಿನ ಮಡ್ ಟಯರು. ನೋಡಲು ಬಹಳ ಚೆಂದವಾಗಿತ್ತು, ನಿಜ. ಆದರೆ ಕೆಲಸ ಮುಗಿದು ಮನೆಗೆ ಬಂದಾಗಿನಿಂದ 40 ಕಿ.ಮೀ. ವೇಗ ದಾಟಿದರೆ ಸಾಕು, ಕಾಲ ಕೆಳಗಿನ ತಗಡು ಜುಮ್ಮೆನ್ನುತ್ತಿತ್ತು, ಗೇರ್ ಲಿವರ್ ಕೈಯಲ್ಲಿ ಗುಂಯ್‌ಗುಡುತ್ತಿತ್ತು, ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡೆರಡಾಗಿ ಕಾಣುತ್ತಿತ್ತು.

ಟಯರ್ ಬ್ಯಾಲೆನ್ಸ್ ಮಾಡಿಸಿದ್ದಾಯಿತು. ಗೇರ್‌ಬಾಕ್ಸಿನ ಕಡೆಯಿಂದ ಆಕ್ಸಲ್ಲಿಗೆ ಎಳೆತ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ತುದಿಯ ಜಾಯಿಂಟಿನೊಳಗಿನ ಕ್ರಾಸ್ ಬದಲಾಯಿಸಿದ್ದಾಯಿತು. ಶಾಫ್ಟನ್ನೇ ಬಿಚ್ಚಿ ಬ್ಯಾಲೆನ್ಸ್ ಮಾಡಿಸಿದ್ದೂ ಆಯಿತು. ನಡುಕ ಹಾಗೇ ಇತ್ತು. ಇನ್ನು ಆಕ್ಸಲ್ಲಿನ ನಡುವೆ ಕೂತು ಎರಡು ಚಕ್ರಕ್ಕೂ ಎಳೆತ ಹಂಚುವ ಡಿಫರೆನ್ಷಿಯಲ್ ಬಿಚ್ಚಿಸುತ್ತೇನೆ ಎಂದು ಮೈದುನ ಹೊರಟಾಗ ನಾನು ತಡೆದೆ. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಎತ್ತರಿಸಿದ ಜೀಪಿನ ನಡುಕಕ್ಕೆ ಭಾಗ ಬದಲಾಯಿಸುತ್ತ ಹೋಗುವುದು ಮದ್ದಲ್ಲ. ಆ ನಡುಕ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ, ಸೆಕೆಂಡಿಗೆ ಎಷ್ಟು ಸಲ ಬಡಿಯುತ್ತದೆ ಎಂದು ಮೊದಲು ತಿಳಿಯಬೇಕು.

ಪೇಟೆಯ ಗ್ಯಾರೇಜಿನ ಅಣ್ಣನ ಬಳಿ ಹೋದೆವು. ಅವರ ಮನೆಮಾತು ಮಲಯಾಳ. ನಮ್ಮ ಅತ್ತೆಯ ಹತ್ತಿರ ತುಳು ಮಾತಾಡುತ್ತಾರೆ, ನನ್ನ ಹತ್ತಿರ ಕನ್ನಡ. ಇಲ್ಲಿ ಇದು ಯಾರಿಗೂ ವಿಶೇಷವಲ್ಲ. ಅವರು ಮೊದಲು ಹೇಳಿದ್ದು, "ಅಕ್ಕ, ಗಾಡಿ ತೊಳ್ದು ತನ್ನಿ, ಆಮೇಲೆ ನೋಡುವ." ರಿಮ್ಮಿನ ಒಳಬದಿಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಒಣಗಿ ಕೂತರೆ ಎಂಥ ಬ್ಯಾಲೆನ್ಸೂ ಕೆಡುತ್ತದೆ. ಕೋರೆ ದಾರಿಯಲ್ಲಿ ಓಡುವ ಜೀಪುಗಳ ಅರ್ಧ ದೂರು ನೀರಿನಲ್ಲೇ ಹೋಗುತ್ತದಂತೆ. ನಮ್ಮದು ಹೋಗಲಿಲ್ಲ.

ಆಮೇಲೆ ರಸ್ತೆಯಲ್ಲಿ ಪರೀಕ್ಷೆ. ಆದೂರಿನ ಕಡೆಗೆ ಬೆಳಿಗ್ಗೆ ಬೇಗ ಹೊರಟರೆ ದಾರಿ ಖಾಲಿ ಇರುತ್ತದೆ. ಒಂದೇ ವೇಗದಲ್ಲಿ ಮೂರನೇ ಗೇರಿನಲ್ಲಿ ಒಮ್ಮೆ, ನಾಲ್ಕನೆಯದರಲ್ಲಿ ಒಮ್ಮೆ ಓಡಿಸಿದೆವು. ಎಂಜಿನ್ನಿನ ಸುತ್ತು ಬದಲಾದರೂ ನಡುಕ ಬದಲಾಗಲಿಲ್ಲ. ಹಾಗಾದರೆ ಎಂಜಿನ್ನು, ಕ್ಲಚ್ಚು, ಎಂಜಿನ್ ಮೌಂಟು ಇವು ಕಾರಣವಲ್ಲ, ಗಾಡಿಯ ವೇಗದ ಜೊತೆಗೆ ತಿರುಗುವ ಯಾವುದೋ ಒಂದು ಕಾರಣ. ಮುಂದಿನ ಆಕ್ಸಲ್ಲಿಗೆ ಹೋಗುವ ಶಾಫ್ಟನ್ನು ಬಿಚ್ಚಿಟ್ಟು ಓಡಿಸಿದೆವು, ನಡುಕ ಇದ್ದೇ ಇತ್ತು. ಅಲ್ಲಿಗೆ ಮುಂದಿನ ಶಾಫ್ಟು ಲೆಕ್ಕದಿಂದ ಹೊರಗೆ ಹೋಯಿತು. ಎಲ್ಲಕ್ಕಿಂತ ಹೆಚ್ಚು ಹೇಳಿದ್ದು ಆಕ್ಸಿಲರೇಟರ್. ಒತ್ತಿದರೆ ನಡುಕ ಜೋರು, ಕಾಲು ತೆಗೆದರೆ ಗಾಡಿ ಅದೇ ವೇಗದಲ್ಲಿದ್ದಾಗಲೂ ಅರ್ಧಕ್ಕರ್ಧ ಕಡಿಮೆ. ಟಯರಿನ ಅಥವಾ ಶಾಫ್ಟಿನ ತೂಕದ ದೋಷವಾಗಿದ್ದರೆ ಕಾಲು ತೆಗೆದ ಮಾತ್ರಕ್ಕೆ ಅದು ಹೀಗೆ ತಗ್ಗುವುದಿಲ್ಲ. ತೂಕದ ದೋಷಕ್ಕೆ ಬೇಕಾದುದು ವೇಗ ಮಾತ್ರ. ವೇಗ ಎರಡರಷ್ಟಾದರೆ ಅದರ ಹೊಡೆತ ನಾಲ್ಕರಷ್ಟಾಗುತ್ತದೆ.

ಇನ್ನು ಬಡಿತದ ಲೆಕ್ಕ. ಇದಕ್ಕೆ ಡಿಫರೆನ್ಷಿಯಲ್ಲಿನ ಅನುಪಾತ, ಅಂದರೆ ಚಕ್ರಗಳ ಒಂದು ಸುತ್ತಿಗೆ ಶಾಫ್ಟು ಎಷ್ಟು ಸುತ್ತು ಎಂಬುದು, ಗೊತ್ತಿರಬೇಕು. ಅದನ್ನು ತಿಳಿಯುವ ದಾರಿ ಗ್ಯಾರೇಜಿನಲ್ಲಿ ಎಲ್ಲರಿಗೂ ಗೊತ್ತು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಿನ ಒಂದೇ ಚಕ್ರವನ್ನು ಜಾಕಿನಲ್ಲಿ ಎತ್ತಬೇಕು. ಶಾಫ್ಟಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಟಯರಿಗೆ ಒಂದು ಗೆರೆ. ಎತ್ತಿದ ಚಕ್ರವನ್ನು ಕೈಯಲ್ಲಿ ಸರಿಯಾಗಿ ಎರಡು ಸುತ್ತು ತಿರುಗಿಸಿದಾಗ ಶಾಫ್ಟು ಎಷ್ಟು ಸುತ್ತು ಬಂತೋ ಅದೇ ಅನುಪಾತ. ಇನ್ನೊಂದು ಚಕ್ರ ನೆಲದ ಮೇಲೆ ನಿಂತಿರುವುದರಿಂದ ಎರಡು ಸುತ್ತು ಬೇಕು, ಒಂದಲ್ಲ. ನಮ್ಮದು ಹತ್ತಿರ ಹತ್ತಿರ ನಾಲ್ಕೂವರೆ ಬಂತು.

31 ಇಂಚಿನ ಟಯರಿನ ಸುತ್ತಳತೆ ಸುಮಾರು 2.47 ಮೀಟರ್. 40 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ನಾಲ್ಕೂವರೆ ಸುತ್ತು ತಿರುಗುತ್ತದೆ, ಶಾಫ್ಟು ಸುಮಾರು 20 ಸುತ್ತು. ಟಯರಿನ ದೋಷವಾದರೆ ನಿಧಾನವಾಗಿ ಕುಲುಕುವ ನಡುಕ, ಸೀಟಿನಲ್ಲಿ ಕೂತು ಎಣಿಸುವಂಥದ್ದು. ಶಾಫ್ಟಿನ ತೂಕದ ದೋಷವಾದರೆ ಸೆಕೆಂಡಿಗೆ 20. ಮೊಬೈಲಿನಲ್ಲಿ ಕಂಪನ ಅಳೆಯುವ ಆ್ಯಪ್ ಹಾಕಿ ಗೇರ್ ಲಿವರಿನ ಪಕ್ಕದ ತಗಡಿಗೆ ಅಂಟಿಸಿದೆ. ಗೆರೆ ಎದ್ದಿದ್ದು ಸೆಕೆಂಡಿಗೆ 40ರ ಆಸುಪಾಸಿನಲ್ಲಿ, ಶಾಫ್ಟಿನ ಒಂದು ಸುತ್ತಿಗೆ ಎರಡು ಸಲ.

ಸುತ್ತಿಗೆ ಎರಡು ಸಲ ಎಂದರೆ ಅದು ಕೋನದ ಕೆಲಸ. ಶಾಫ್ಟು ಬಾಗಿಯೂ ತಿರುಗಲೆಂದು ತುದಿಯಲ್ಲಿಟ್ಟ, ಕ್ರಾಸ್ ಇರುವ ಯೂನಿವರ್ಸಲ್ ಜಾಯಿಂಟು ನೇರ ನಿಂತಾಗ ಎರಡೂ ಬದಿಯನ್ನು ಒಂದೇ ವೇಗದಲ್ಲಿ ತಿರುಗಿಸುತ್ತದೆ. ಬಾಗಿ ನಿಂತರೆ ಒಂದು ಬದಿ ಒಂದೇ ಸಮನೆ ತಿರುಗಿದರೂ ಇನ್ನೊಂದು ಬದಿ ಪ್ರತಿ ಸುತ್ತಿನಲ್ಲೂ ಎರಡು ಸಲ ಮುಂದೋಡಿ ಎರಡು ಸಲ ಹಿಂದೆ ಬೀಳುತ್ತದೆ. 5 ಡಿಗ್ರಿ ಬಾಗಿದರೆ ಈ ಏರುಪೇರು ನೂರಕ್ಕೆ ಅರ್ಧವೂ ಇಲ್ಲ. 14 ಡಿಗ್ರಿಗೆ ನೂರಕ್ಕೆ ಮೂರರಷ್ಟು ಮೇಲೆ, ಮೂರರಷ್ಟು ಕೆಳಗೆ. ಶಾಫ್ಟಿನ ಎರಡು ತುದಿಗೂ ಜಾಯಿಂಟು ಇಟ್ಟಿರುವುದು ಇದಕ್ಕಾಗಿಯೇ, ಮೇಲಿನದು ಮಾಡಿದ ಏರುಪೇರನ್ನು ಕೆಳಗಿನದು ಅಳಿಸಬೇಕು. ಹಾಗಾಗಬೇಕಾದರೆ ಎರಡೂ ಜಾಯಿಂಟು ಬಾಗಿದ ಕೋನ ಸಮವಿರಬೇಕು, ಎರಡೂ ತುದಿಯಲ್ಲಿ ಕ್ರಾಸನ್ನು ಹಿಡಿದ ಕವಲಿನ, ಅಂದರೆ ಯೋಕಿನ, ಕಿವಿಗಳು ಒಂದೇ ಸಾಲಿನಲ್ಲಿರಬೇಕು. ಶಾಫ್ಟನ್ನು ಬಿಚ್ಚಿ ಜೋಡಿಸುವಾಗ ಅದರ ಎರಡು ತುಂಡು ಒಂದರೊಳಗೊಂದು ಜಾರಿ ಸೇರುವ ಸ್ಪ್ಲೈನಿನಲ್ಲಿ ಒಂದು ಹಲ್ಲು ತಪ್ಪಿದರೂ ಆ ಸಾಲು ಕೆಡುತ್ತದೆ. ನಮ್ಮದರಲ್ಲಿ ಬಾಣದ ಗುರುತು ಎದುರಾಬದುರು ಸರಿಯಾಗಿಯೇ ಇತ್ತು.

ಕೋನ ಅಳೆಯಲು ಮಗಳ ಜಾಮೆಟ್ರಿ ಬಾಕ್ಸಿನ ಕೋನಮಾಪಕ, ಒಂದು ದಾರ, ದಾರದ ತುದಿಗೆ ನಟ್ಟು. ಇಷ್ಟೇ ಸಾಕು. ಜೀಪು ಮಾತ್ರ ಸಮನೆಲದಲ್ಲಿ ತನ್ನ ನಾಲ್ಕು ಚಕ್ರದ ಮೇಲೆ ನಿಂತಿರಬೇಕು. ಜಾಕಿನಲ್ಲಿ ಎತ್ತಿದರೆ ಆಕ್ಸಲ್ ಜೋತುಬಿದ್ದು ಬರುವ ಅಳತೆಯೆಲ್ಲ ಸುಳ್ಳು. ಅಳತೆ ಹೀಗಿತ್ತು: ಗೇರ್‌ಬಾಕ್ಸಿನ ಹಿಂದೆ ಕೂತು ಮುಂದಿನ ಹಿಂದಿನ ಶಾಫ್ಟಿಗೆ ಎಳೆತ ಕೊಡುವ ಟ್ರಾನ್ಸ್‌ಫರ್ ಕೇಸಿನಲ್ಲಿ ಶಾಫ್ಟು ಕೂಡುವ ಹಿಂದಿನ ಫ್ಲ್ಯಾಂಜು 3 ಡಿಗ್ರಿ ಕೆಳಮುಖ, ಶಾಫ್ಟಿನ ಇಳಿಜಾರು 17 ಡಿಗ್ರಿ, ಶಾಫ್ಟಿನ ಇನ್ನೊಂದು ತುದಿ ಕೂಡುವ ಡಿಫರೆನ್ಷಿಯಲ್ಲಿನ ಪಿನಿಯನ್ 12 ಡಿಗ್ರಿ ಮೇಲ್ಮುಖ. ಅಂದರೆ ಮೇಲಿನ ಜಾಯಿಂಟು 14 ಡಿಗ್ರಿ ಬಾಗಿದೆ, ಕೆಳಗಿನದು 5 ಡಿಗ್ರಿ. ಒಂದನ್ನೊಂದು ಅಳಿಸುವ ಮಾತೆಲ್ಲಿ?

ಜೀಪು ಎತ್ತರಿಸಿದವರು ಆಕ್ಸಲ್ಲಿಗೆ ಸ್ಪ್ರಿಂಗು ಕೂರುವ ಹೊಸ ಸೀಟನ್ನು ವೆಲ್ಡ್ ಮಾಡುವಾಗ ಪಿನಿಯನ್ನಿನ ಮೂಗನ್ನು ಟ್ರಾನ್ಸ್‌ಫರ್ ಕೇಸಿನ ಕಡೆ ಎತ್ತಿ ಕೂರಿಸಿದ್ದರು. ಮೇಲ್ತುದಿಯಲ್ಲಿ ಜೋಡಿ ಕ್ರಾಸಿನ ಡಬಲ್ ಜಾಯಿಂಟು ಇರುವ ಶಾಫ್ಟಿಗೆ ಅದೇ ಸರಿಯಾದ ಕ್ರಮ. ಅಲ್ಲಿ ಏರುಪೇರು ಆ ಜೋಡಿಯೊಳಗೇ ತೀರಿಹೋಗುವುದರಿಂದ ಪಿನಿಯನ್ನು ಶಾಫ್ಟಿನ ಗೆರೆಯಲ್ಲೇ ನೇರವಾಗಿರಬೇಕು. ಎರಡು ತುದಿಗೂ ಒಂದೊಂದೇ ಕ್ರಾಸ್ ಇರುವ ಮಾಮೂಲಿ ಶಾಫ್ಟಿಗೆ ಪಿನಿಯನ್ನು ಟ್ರಾನ್ಸ್‌ಫರ್ ಕೇಸಿನ ಫ್ಲ್ಯಾಂಜಿನ ಗೆರೆಗೆ ಸಮಾನಾಂತರವಾಗಿರಬೇಕು. ಆಕ್ಸಿಲರೇಟರ್ ಒತ್ತಿದಾಗ ಸ್ಪ್ರಿಂಗು ತಿರುಚಿಕೊಂಡು ಪಿನಿಯನ್ನಿನ ಮೂಗು ಇನ್ನಷ್ಟು ಏಳುತ್ತದೆ. ಕಾಲಿಟ್ಟರೆ ನಡುಕ ಏಕೆ ಹೆಚ್ಚುತ್ತಿತ್ತು ಎಂಬುದಕ್ಕೆ ಇಲ್ಲಿ ಉತ್ತರ ಸಿಕ್ಕಿತು.

ಹಾಗಾದರೆ ಮೂಗನ್ನು 12ರಿಂದ 3ಕ್ಕೆ ಇಳಿಸಿಬಿಡೋಣ ಎಂದೆ. ಅಣ್ಣ ಶಾಫ್ಟಿನ ಕೆಳಗೆ ಮಲಗಿಕೊಂಡೇ ಹೇಳಿದರು: "ಮೂಗು ಇಳಿಸಿದ್ರೆ ಈ ತುದಿಯೂ ಇಳೀತದಲ್ಲ ಅಕ್ಕ. ಶಾಫ್ಟು ಇನ್ನೂ ಕಡಿದಾಗ್ತದೆ. ಆಗ ಕ್ರಾಸ್ ತಡೀಲಿಕ್ಕಿಲ್ಲ." ಕಾಗದದ ಮೇಲೆ ಗೆರೆ ಎಳೆದು ನೋಡಿದೆ. ಅವರ ಮಾತು ನೂರಕ್ಕೆ ನೂರು ನಿಜ. ಇಳಿಜಾರು 21ರ ಹತ್ತಿರ ಹೋಗುತ್ತಿತ್ತು, ಎರಡೂ ಜಾಯಿಂಟಿಗೆ 18 ಡಿಗ್ರಿಯ ಬಾಗು. ಇಷ್ಟು ಗಿಡ್ಡ ಶಾಫ್ಟಿಗೆ ಅದು ಅತಿ. ಅವರ ಈ ಬಗೆಯ ತಿಳಿವಿಗೆ ನಾನು ಮನಸಾರೆ ತಲೆಬಾಗುತ್ತೇನೆ.

ಅದಕ್ಕೆ ಎರಡೂ ಕಡೆಯಿಂದ ಹೊರಟೆವು. ಗೇರ್‌ಬಾಕ್ಸನ್ನು ಹೊತ್ತ ಅಡ್ಡಪಟ್ಟಿಗೂ ಮೇಲಿನ ಚಾಸಿಗೂ ನಡುವೆ ಒಂದು ಇಂಚಿನ ಸ್ಪೇಸರ್ ಕೊಟ್ಟು ಟ್ರಾನ್ಸ್‌ಫರ್ ಕೇಸನ್ನು ಇಳಿಸಿದರು, ಅದರ ಫ್ಲ್ಯಾಂಜು 5 ಡಿಗ್ರಿಗೆ ಬಂತು. ಹಿಂದಿನ ಆಕ್ಸಲ್ಲಿನ ಕವಚದ, ಅಂದರೆ ಹೌಸಿಂಗಿನ, ಸೀಟುಗಳನ್ನು ಕತ್ತರಿಸಿ ಪಿನಿಯನ್ 4 ಡಿಗ್ರಿಗೆ ಬರುವಂತೆ ಮತ್ತೆ ವೆಲ್ಡ್ ಮಾಡಿದರು. ಒಂದು ಡಿಗ್ರಿ ಬೇಕೆಂದೇ ಕಡಿಮೆ, ಎಳೆತ ಬಿದ್ದಾಗ ಮೂಗು ಎದ್ದು ಸರಿಹೋಗಲಿ ಎಂದು. ವ್ಯತ್ಯಾಸ ಎರಡು ನಾಲ್ಕು ಡಿಗ್ರಿಯದ್ದಾಗಿದ್ದರೆ ಸ್ಪ್ರಿಂಗಿನಡಿ ಉಕ್ಕಿನ ಬೆಣೆ ಸಾಕಾಗುತ್ತಿತ್ತು. ಎಂಟು ಡಿಗ್ರಿಗೆ ಬೆಣೆ ನಂಬುವಂಥದ್ದಲ್ಲ. ಕೊನೆಗೆ ಇಳಿಜಾರು 18, ಮೇಲಿನ ಬಾಗು 13, ಕೆಳಗಿನದು 14. ಬಾಗು ಕಡಿಮೆಯಾಗಲಿಲ್ಲ, ಸಮವಾಯಿತು ಅಷ್ಟೆ. ಅಷ್ಟಕ್ಕೇ 60 ಕಿ.ಮೀ. ವೇಗದವರೆಗಿನ ನಡುಕ ಪೂರ್ತಿ ಹೋಯಿತು. ಮಾವನವರು ಮುಂದಿನ ಸೀಟಿನಲ್ಲಿ ಕೂತು ಆಸ್ಪತ್ರೆಗೆ ಹೋಗಿಬಂದರು, ಬೆನ್ನುನೋವಿನ ಮಾತೆತ್ತಲಿಲ್ಲ.

70 ದಾಟಿದರೆ ಈಗಲೂ ಸಣ್ಣ ಗುಂಯ್ ಇದೆ. ಎರಡು ತುದಿಯ ಏರುಪೇರು ಅಳಿದರೂ ನಡುವಿನ ಶಾಫ್ಟು ಪ್ರತಿ ಸುತ್ತಿಗೂ ಓಡಿ ನಿಂತು ಮಾಡುತ್ತಲೇ ಇರುತ್ತದೆ. ಕ್ರಾಸಿಗೆ ಗ್ರೀಸನ್ನು ಬೇಗ ಬೇಗ ಹೊಡೆಯಬೇಕು. ಪೂರ್ತಿ ನಯವಾಗಬೇಕಾದರೆ ಡಬಲ್ ಜಾಯಿಂಟಿನ ಶಾಫ್ಟೇ ದಾರಿ, ಈಗ ಅಷ್ಟು ದುಡ್ಡಿಲ್ಲ.

ಇಂಥ ಕೆಲಸಕ್ಕೆ ಕೈಹಾಕುವವರಿಗೆ ಕಾನೂನಿನ ಮಾತನ್ನೂ ಹೇಳಬೇಕು. ಗಾಡಿಯ ಮೂಲ ರೂಪ ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿ ಎತ್ತಿಹಿಡಿದದ್ದು ಕೇರಳದಿಂದ ಹೋದ ಪ್ರಕರಣದಲ್ಲೇ. ನನ್ನನ್ನು ಕೇಳಿದರೆ ತೋಟದ ಜೀಪಿಗೆ ಐದು ಇಂಚು ಬೇಕಿರಲಿಲ್ಲ. ಮೈದುನನಿಗೂ ಇದನ್ನೇ ಹೇಳಿದ್ದೇನೆ.

ಈಗ ಅವನು ಮುಂದಿನ ಶಾಫ್ಟಿನ ಕೋನವನ್ನೂ ಹೀಗೇ ಸರಿಮಾಡುವ ಎನ್ನುತ್ತಿದ್ದಾನೆ. ನಾನು ಬೇಡ ಎಂದಿದ್ದೇನೆ, ಅಣ್ಣನೂ ಬೇಡ ಎಂದಿದ್ದಾರೆ. ಮುಂದಿನ ಹೌಸಿಂಗನ್ನು ತಿರುಗಿಸಿದರೆ ಚಕ್ರ ತಿರುಗುವ ನಕಲ್‌ಗಳೂ ಜೊತೆಗೆ ತಿರುಗುತ್ತವೆ. ಕ್ಯಾಸ್ಟರ್, ಅಂದರೆ ಚಕ್ರ ಎಡಬಲಕ್ಕೆ ತಿರುಗುವ ಅಕ್ಷದ ಓರೆ, ಕೆಟ್ಟು ಸ್ಟೀಯರಿಂಗ್ ಕೈಗೆ ನಿಲ್ಲುವುದಿಲ್ಲ. ಮುಂದಿನ ಶಾಫ್ಟು ತಿರುಗುವುದು ಹಬ್ ಲಾಕ್ ಮಾಡಿ ಮುಂದಿನ ಚಕ್ರಗಳನ್ನೂ ಎಳೆತಕ್ಕೆ ಜೋಡಿಸಿದಾಗ ಮಾತ್ರ, ಅದೂ ಕೆಸರಿನಲ್ಲಿ, ನಡಿಗೆಯ ವೇಗದಲ್ಲಿ. ಅಲ್ಲಿ ನಡುಕ ತಿಳಿಯುವುದೂ ಇಲ್ಲ.