ಒಂದೇ ರೈಲು ದಾರಿಯಲ್ಲಿ ಏಳು ವಿಶ್ವವಿದ್ಯಾಲಯ: ಪಿಯು ಮಕ್ಕಳ ಪೋಷಕರಿಗೆ

ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಬಾಸ್ಟನ್‌ನಿಂದ ಫಿಲಡೆಲ್ಫಿಯಾವರೆಗೆ ಒಂದು ರೈಲು ಮಾರ್ಗವಿದೆ. ಹಾರ್ವರ್ಡ್, ಎಂಐಟಿ, ಬ್ರೌನ್, ಯೇಲ್, ಕೊಲಂಬಿಯಾ, ಪ್ರಿನ್ಸ್‌ಟನ್, ಪೆನ್ (ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ) ಈ ಏಳೂ ಅದೇ ಮಾರ್ಗದ ಮೇಲೆ, ಇಲ್ಲವೇ ಅಲ್ಲಿಂದ ಒಂದು ಮೆಟ್ರೋ ದೂರದಲ್ಲಿವೆ. ಕಾರು ಬಾಡಿಗೆಗೆ ತೆಗೆದುಕೊಳ್ಳಬೇಕಿಲ್ಲ, ಬಲಗಡೆ ಓಡಿಸಲು ಹೆದರಬೇಕಿಲ್ಲ. ಕಾಲೇಜು ನೋಡಲೆಂದೇ ಹೋಗುವವರಿಗೆ ಇದಕ್ಕಿಂತ ಸಲೀಸಾದ ದಾರಿ ಆ ದೇಶದಲ್ಲಿಲ್ಲ. ಸ್ಟ್ಯಾನ್‌ಫರ್ಡ್ ಕೂಡ ನೋಡಿಬಿಡೋಣ ಅಂದರೆ ಅದು ಇನ್ನೊಂದು ತುದಿ, ಆರು ಗಂಟೆಯ ವಿಮಾನ. ಅದನ್ನು ಈ ಪ್ರವಾಸಕ್ಕೆ ಸೇರಿಸಬೇಡಿ.

ಹೊರಡುವ ಮೊದಲೇ ಒಂದು ವಿಷಯ ತಲೆಯಲ್ಲಿರಲಿ. ಕ್ಯಾಂಪಸ್ ನೋಡಿ ಬಂದಿರಿ ಅಂತ ಈ ಮಟ್ಟದ ಕಾಲೇಜುಗಳು ಸೀಟು ಕೊಡುವುದಿಲ್ಲ. ಹಾರ್ವರ್ಡ್, ಯೇಲ್, ಎಂಐಟಿಯವರು ಭೇಟಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಂದರ್ಶನ ಇದ್ದರೂ ಹಳೆಯ ವಿದ್ಯಾರ್ಥಿಗಳು ನಮ್ಮೂರಿನಲ್ಲೋ ವಿಡಿಯೋದಲ್ಲೋ ಮಾಡುತ್ತಾರೆ. ಹಾಗಾಗಿ ಕೈಯಲ್ಲಿ ದುಡ್ಡಿಲ್ಲದಿದ್ದರೆ ಸಾಲ ಮಾಡಿಕೊಂಡು ಹೋಗುವ ಪ್ರವಾಸ ಇದಲ್ಲ. ನಮಗೆ ನ್ಯೂಜೆರ್ಸಿಯಲ್ಲಿ ತಮ್ಮನ ಮನೆ ಇತ್ತು, ಹೇಗೂ ಹೋಗುವುದಿತ್ತು, ಮಗಳು ಫಸ್ಟ್ ಪಿಯುನಲ್ಲಿದ್ದಳು. ಅದೇ ಸರಿಯಾದ ವರ್ಷ. ಸೆಕೆಂಡ್ ಪಿಯು ದಸರಾ ಹೊತ್ತಿಗೆ ಅರ್ಜಿ ಬರೆಯುತ್ತಾ ಕೂತಿರಬೇಕು, ಸೂಟ್‌ಕೇಸ್ ಎಳೆದುಕೊಂಡು ತಿರುಗುತ್ತಿರಬಾರದು.

ಕಾಲ ದಸರಾ ರಜೆಯೇ. ಬೇಸಿಗೆಯಲ್ಲಿ ಹೋದರೆ ಹುಲ್ಲುಹಾಸು, ಕಟ್ಟಡ, ನಿಮ್ಮಂಥದೇ ಪೋಷಕರು, ಇಷ್ಟೇ ಕಾಣುವುದು, ವಿದ್ಯಾರ್ಥಿಗಳಿರುವುದಿಲ್ಲ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ತರಗತಿ ನಡೆಯುತ್ತಿರುತ್ತವೆ, ಚಳಿ ಒಂದು ಸ್ವೆಟರ್‌ಗೆ ತಡೆಯುತ್ತದೆ. ಅಕ್ಟೋಬರ್ ನಡುವಿನ ನಂತರ ಬಾಸ್ಟನ್ ಕಡೆ ಸುಳಿಯಬೇಡಿ: ಎಲೆ ಬಣ್ಣ ತಿರುಗುವುದನ್ನು ನೋಡುವವರು ಒಂದು ಕಡೆ, ಚಾರ್ಲ್ಸ್ ನದಿಯಲ್ಲಿ ದೋಣಿ ಸ್ಪರ್ಧೆಗೆ ಬರುವವರು ಇನ್ನೊಂದು ಕಡೆ. ಹೋಟೆಲ್ ದರ ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ವೀಸಾ ಮಾಮೂಲಿ ಬಿ1/ಬಿ2, ಅಂದರೆ ಪ್ರವಾಸಿ ವೀಸಾ, ಸಾಕು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು, ಆದರೆ ವೀಸಾ ಕೆಲಸ ಕೂಡಲೇ ಶುರುವಾಗಲಿಲ್ಲ. ನಾವು ಚೆನ್ನೈಗೇ ಹೋಗಿದ್ದು. ಸಂದರ್ಶನದ ತಾರೀಖಿಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಆದ್ದರಿಂದ ಟಿಕೆಟ್‌ಗಿಂತ ಮೊದಲು ಅದನ್ನು ನೋಡಿ.

ಇನ್ನು ಹೋಲಿಕೆಯ ಮಾತು. ರ‍್ಯಾಂಕ್ ಪಟ್ಟಿಯಲ್ಲಿ ಒಂದನೆಯದು ಯಾವುದು, ಮೂರನೆಯದು ಯಾವುದು ಅನ್ನುವುದರಿಂದ ನಿಮಗೆ ಏನೂ ಆಗಬೇಕಾದ್ದಿಲ್ಲ. ಹಾರ್ವರ್ಡ್‌ನಲ್ಲಿ 2024ರಲ್ಲಿ ಶುರುವಾದ ತಂಡಕ್ಕೆ ಅರ್ಜಿ ಹಾಕಿದ ನೂರು ಜನರಲ್ಲಿ ನಾಲ್ವರಿಗೂ ಸೀಟು ಸಿಗಲಿಲ್ಲ; ಎಂಐಟಿಯಲ್ಲಿ ಹೊರದೇಶದವರಿಗೆ ಸೀಟು ಸಿಗುವ ಪ್ರಮಾಣ ಅದಕ್ಕೂ ಕಡಿಮೆ. ಇಷ್ಟು ಮೇಲೆ ಹೋದಮೇಲೆ ಎತ್ತರದ ವ್ಯತ್ಯಾಸ ಹುಡುಕುವುದು ದಂಡ. ಹುಡುಕಬೇಕಾದ್ದು ಎರಡೇ. ಹೊರದೇಶದ ಮಕ್ಕಳ ದುಡ್ಡಿನ ವಿಷಯದಲ್ಲಿ ಅವರ ನಿಯಮವೇನು? ಏನು ಓದಬೇಕೆಂದು ಮಗು ಯಾವಾಗ ತೀರ್ಮಾನ ಮಾಡಬೇಕು? ಮೊದಲನೆಯದು ಮನೆಯಲ್ಲೇ ಕೂತು ತಿಳಿಯುವಂಥದ್ದು. ಎರಡನೆಯದು ಅಲ್ಲಿ ಹೋಗಿ ನೋಡಿದಾಗಲೇ ಮೈಗೆ ಹತ್ತುವುದು.

ದುಡ್ಡಿನದು ಮುಗಿಸಿಬಿಡುತ್ತೇನೆ. ಟ್ಯೂಷನ್, ಹಾಸ್ಟೆಲ್, ಊಟ ಸೇರಿ ಇವೆಲ್ಲವೂ ವರ್ಷಕ್ಕೆ 80 ಸಾವಿರ ಡಾಲರ್ ದಾಟಿವೆ, ಅಂದರೆ ಸುಮಾರು 70 ಲಕ್ಷ ರೂಪಾಯಿ. ನಾಲ್ಕು ವರ್ಷಕ್ಕೆ ಗುಣಿಸಿಕೊಳ್ಳಿ. ಐವಿ ಲೀಗ್ ಕಾಲೇಜುಗಳಾಗಲಿ (ಈ ಪಟ್ಟಿಯಲ್ಲಿ ಎಂಐಟಿ ಬಿಟ್ಟು ಉಳಿದ ಆರೂ ಅದರವೇ) ಎಂಐಟಿಯಾಗಲಿ ಅಂಕ ನೋಡಿ ವಿದ್ಯಾರ್ಥಿವೇತನ ಕೊಡುವುದಿಲ್ಲ. ಕೊಡುವುದೆಲ್ಲ ಮನೆಯ ಆದಾಯ, ಆಸ್ತಿ ನೋಡಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ ಇವು ಹೊರದೇಶದ ಮಕ್ಕಳಿಗೂ ಪ್ರವೇಶ ತೀರ್ಮಾನಿಸುವಾಗ ದುಡ್ಡಿನ ಕಾಗದ ತೆರೆದು ನೋಡುವುದೇ ಇಲ್ಲ. 2024ರ ಅರ್ಜಿಗಳಿಂದ ಬ್ರೌನ್ ಕೂಡ ಈ ಸಾಲಿಗೆ ಸೇರಿತು. ಕೊಲಂಬಿಯಾ ಮತ್ತು ಪೆನ್ ಹಾಗಲ್ಲ: ಹೊರದೇಶದವರು ಸಹಾಯ ಕೇಳಿದ್ದಾರೋ ಇಲ್ಲವೋ ಅನ್ನುವುದು ಅಲ್ಲಿ ಪ್ರವೇಶದ ತೂಕದಲ್ಲೇ ಬರುತ್ತದೆ. ಪೂರ್ತಿ ಫೀಸು ಕಟ್ಟುವ ಶಕ್ತಿ ಇಲ್ಲದವರು ಇದೊಂದೇ ಗೆರೆಯ ಮೇಲೆ ಅರ್ಧ ಪಟ್ಟಿ ಆರಿಸಿಕೊಳ್ಳಬಹುದು. ಹಾಗಂತ 'ನಮ್ಮ ಸಂಬಳ ಕಡಿಮೆ, ಎಲ್ಲ ಮಾಫಿ' ಅಂದುಕೊಂಡು ಕೂರಬೇಡಿ. ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಫಾರಂ ತುಂಬಬೇಕು. ಮೈಸೂರು ರಿಂಗ್ ರೋಡಿನಾಚೆ ನಿಮ್ಮ ಹೆಸರಿನಲ್ಲಿ ಬಿದ್ದಿರುವ ಸೈಟು ಕೂಡ ಅದರಲ್ಲಿ ಬರಬೇಕು.

ಬಾಸ್ಟನ್‌ನಲ್ಲಿ ಇಳಿದರೆ ರೆಡ್ ಲೈನ್ ಮೆಟ್ರೋದ ಹತ್ತಿರ ಮನೆ ಮಾಡಿಕೊಳ್ಳಿ. ಕೆಂಡಲ್ ನಿಲ್ದಾಣದಲ್ಲಿ ಎಂಐಟಿ, ಅಲ್ಲಿಂದ ಎರಡನೆಯ ನಿಲ್ದಾಣವೇ ಹಾರ್ವರ್ಡ್. ಎಲ್ಲ ಕಡೆ ಪದ್ಧತಿ ಹೆಚ್ಚುಕಡಿಮೆ ಒಂದೇ: ಪ್ರವೇಶ ವಿಭಾಗದವರ ಮಾಹಿತಿ ಸಭೆ, ಆಮೇಲೆ ವಿದ್ಯಾರ್ಥಿಯೊಬ್ಬ ಹಿಮ್ಮುಖವಾಗಿ ನಡೆಯುತ್ತಾ ಕ್ಯಾಂಪಸ್ ತೋರಿಸುವುದು. ದುಡ್ಡು ಕೊಡಬೇಕಿಲ್ಲ, ಆದರೆ ಆನ್‌ಲೈನ್‌ನಲ್ಲಿ ವಾರಗಳ ಮೊದಲೇ ಹೆಸರು ಬರೆಸಬೇಕು. ಹಾರ್ವರ್ಡ್‌ನಲ್ಲಿ ಸಾಮಾನ್ಯ ಪ್ರವಾಸಿಗಳಿಗೆ ಬೇರೆ ಟೂರ್ ಇದೆ, ಅದಕ್ಕೆ ಸೇರಿಕೊಂಡು ಬಂದುಬಿಡಬೇಡಿ. ಪ್ರವೇಶ ವಿಭಾಗದ್ದೇ ಆಗಬೇಕು. ಸಭೆಗಳಂತೂ ಎರಡು ಆದಮೇಲೆ ಒಂದೇ ಭಾಷಣ ಕೇಳಿದ ಹಾಗೆ ಅನಿಸುತ್ತದೆ. ಎಲ್ಲರಿಗೂ 'ಸಮುದಾಯ' ಬೇಕು, ಎಲ್ಲರಿಗೂ 'ಕುತೂಹಲ' ಬೇಕು. ಬ್ರೌನ್‌ನಲ್ಲಿ ಮಗಳು ಕಿವಿಯಲ್ಲಿ, "ಅಮ್ಮ, ಈಗ ಲ್ಯಾಬ್ ಸ್ಲೈಡ್ ಬರುತ್ತೆ ನೋಡು" ಅಂದಳು. ಬಂತು.

ಹಾರ್ವರ್ಡ್ ಯಾರ್ಡ್‌ನಲ್ಲಿ ಜಾನ್ ಹಾರ್ವರ್ಡ್ ಪ್ರತಿಮೆಯ ಎಡಗಾಲಿನ ಬೂಟು ಕೈ ತಾಗಿ ತಾಗಿ ಹಿತ್ತಾಳೆ ಚೊಂಬಿನ ಹಾಗೆ ಹೊಳೆಯುತ್ತದೆ. ಮುಟ್ಟಿದರೆ ಅದೃಷ್ಟ ಅಂತ ಸಾಲು ನಿಲ್ಲುತ್ತಾರೆ, ಸಾಲಿನಲ್ಲಿ ನಮ್ಮವರು ಧಾರಾಳ. ಪೀಠದ ಮೇಲೆ 'ಸ್ಥಾಪಕ, 1638' ಎಂದಿದೆ. ಕಾಲೇಜು ಶುರುವಾದದ್ದು 1636ರಲ್ಲಿ, ಆತ ಸ್ಥಾಪಕನಲ್ಲ, ದಾನಿ. ಶಿಲ್ಪಿಗೆ ಆತನ ಮುಖ ಗೊತ್ತೇ ಇರಲಿಲ್ಲ, ಬೇರೆ ಯಾರನ್ನೋ ಕೂರಿಸಿ ಮಾಡಿದ್ದು. ಫೋಟೋ ತೆಗೆಸಿಕೊಳ್ಳಿ, ಅಷ್ಟೇ ಸಾಕು. ದೊಡ್ಡ ವೈಡ್ನರ್ ಗ್ರಂಥಾಲಯಕ್ಕೆ ಹೊರಗಿನವರು ಸುಮ್ಮನೆ ನುಗ್ಗುವ ಹಾಗಿಲ್ಲ. ಅದರ ಬದಲು ಅಲ್ಲಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಹೋಗಿ, ಗಾಜಿನಲ್ಲಿ ಮಾಡಿದ ಹೂಗಿಡಗಳನ್ನು ನೋಡಿ. ಪಿಯು ಬಯಾಲಜಿ ಓದುವ ಮಕ್ಕಳು ಅಲ್ಲಿಂದ ಹೊರಡುವುದೇ ಇಲ್ಲ. ಅಂದಹಾಗೆ ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್ ಹೊರತರುವ ಮೂರ್ತಿ ಕ್ಲಾಸಿಕಲ್ ಲೈಬ್ರರಿಯಲ್ಲಿ ಹಳೆಯ ಕನ್ನಡ ಕಾವ್ಯಗಳೂ ಇವೆ, ಒಂದು ಪುಟದಲ್ಲಿ ಕನ್ನಡ, ಎದುರು ಪುಟದಲ್ಲಿ ಇಂಗ್ಲಿಷ್. ಆ ಊರಿನ ಪುಸ್ತಕದಂಗಡಿಗಳಲ್ಲಿ ಕೇಳಿ ನೋಡಬಹುದು.

ಎಂಐಟಿಗೆ ಒಂದು ಪೂರ್ತಿ ದಿನ ಇಡಿ. ಕಟ್ಟಡಗಳಿಗೆ ನಂಬರು, ವಿಭಾಗಗಳಿಗೂ ನಂಬರು: ಕಂಪ್ಯೂಟರ್ ಸೈನ್ಸ್ 6, ಭೌತಶಾಸ್ತ್ರ 8, ಗಣಿತ 18. ಕಾಲು ಕಿಲೋಮೀಟರ್ ಉದ್ದದ ಇನ್ಫಿನಿಟ್ ಕಾರಿಡಾರ್‌ನಲ್ಲಿ ಟೂರ್ ಮುಗಿದ ಮೇಲೆ ನೀವೇ ಇನ್ನೊಮ್ಮೆ ನಿಧಾನವಾಗಿ ನಡೆಯಿರಿ, ನೋಟಿಸ್ ಬೋರ್ಡ್ ಓದಿ. ಭಾಂಗ್ಡಾ ತಂಡಕ್ಕೆ ಆಯ್ಕೆ, ಯಾವುದೋ ಲ್ಯಾಬಿಗೆ ಹುಡುಗರು ಬೇಕು, ಮಾರಾಟಕ್ಕಿರುವ ಸೈಕಲ್. ಬಾಗಿಲು ತೆರೆದಿದ್ದರೆ ಒಳಗೆ ಹಲಗೆಯ ಮುಂದೆ ನಾಲ್ಕೈದು ಜನ ಒಂದೇ ಲೆಕ್ಕಕ್ಕೆ ತಲೆ ಕೊಟ್ಟು ನಿಂತಿರುತ್ತಾರೆ. ನಮ್ಮ ಪರಿಚಯದವರ ಮಗ, ಹುಬ್ಬಳ್ಳಿಯ ಹುಡುಗ, ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ, ಮೊದಲ ವರ್ಷದವರಿಗೆ ಪಾಠಕ್ಕೆ ಸಹಾಯವನ್ನೂ ಮಾಡುತ್ತಾನೆ. "ಆಂಟಿ, ಇಲ್ಲಿ ಒಬ್ಬನ ಕೂತು ಹೋಮ್‌ವರ್ಕ್ ಮುಗಸ್ತೀನಿ ಅಂದ್ರ ಆಗಂಗಿಲ್ರೀ. ನಮ್ಮ ಕಡೆ ಟಾಪರ್ ಹುಡುಗ್ರಿಗೆ ಮೊದಲ ಇದನ್ನ ಕಲಿಸಬೇಕಾಗ್ತದ" ಅಂದ. ಮೊದಲ ಸೆಮಿಸ್ಟರ್‌ನಲ್ಲಿ ಗ್ರೇಡ್ ಇಲ್ಲ. ಪಾಸಾದರೆ ಪಾಸು, ಆಗದಿದ್ದರೆ ಅಂಕಪಟ್ಟಿಯಲ್ಲಿ ಅದರ ಸುದ್ದಿಯೇ ಇರುವುದಿಲ್ಲ. ಸಿಇಟಿ ಕಟ್‌ಆಫ್ ನೋಡಿ ಬೆಳೆದ ನಮಗೆ ಇನ್ನೊಂದು ಆಶ್ಚರ್ಯ: ಸೇರುವಾಗ ಬ್ರಾಂಚ್ ಅನ್ನುವುದೇ ಇಲ್ಲ. ಮೊದಲ ವರ್ಷ ಮುಗಿದಮೇಲೆ ಯಾರು ಬೇಕಾದರೂ ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದು. ಎಲ್ಲ ಕಡೆ ಹೀಗೆ ಅಂದುಕೊಳ್ಳಬೇಡಿ. ಇಲಿನಾಯ್‌ನಂಥ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬೇರೆ ವಿಷಯಕ್ಕೆ ಸೇರಿ ಆಮೇಲೆ ಕಂಪ್ಯೂಟರ್ ಸೈನ್ಸ್‌ಗೆ ಬದಲಾಯಿಸುವುದು ಬಹಳ ಕಷ್ಟ. ಎಂಐಟಿಗೆ ಎಸ್‌ಎಟಿ ಇಲ್ಲವೇ ಎಸಿಟಿ ಪ್ರವೇಶ ಪರೀಕ್ಷೆ ಕಡ್ಡಾಯ, ಅರ್ಜಿಯೂ ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಕಾಮನ್ ಆ್ಯಪ್‌ನಲ್ಲಿ ಅಲ್ಲ, ಅವರದೇ ಪೋರ್ಟಲ್‌ನಲ್ಲಿ. ಡಿಗ್ರಿ ಕೈಗೆ ಬರಬೇಕಾದರೆ ಈಜು ಪರೀಕ್ಷೆಯನ್ನೂ ಪಾಸು ಮಾಡಬೇಕು, ನೂರು ಗಜ. ಬಾರದವರಿಗೆ ಕಲಿಸುತ್ತಾರೆ, ಗಾಬರಿ ಬೇಡ.

ಬಾಸ್ಟನ್‌ನಿಂದ ಪ್ರಾವಿಡೆನ್ಸ್‌ಗೆ ಲೋಕಲ್ ರೈಲೇ ಸಾಕು, ಒಂದು ಗಂಟೆ ಚಿಲ್ಲರೆ, ದೂರದ ಊರುಗಳಿಗೆ ಹೋಗುವ ಆ್ಯಮ್‌ಟ್ರ್ಯಾಕ್ ರೈಲಿಗಿಂತ ಅಗ್ಗ. ಸಾಮಾನು ಹೋಟೆಲಿನಲ್ಲೇ ಬಿಟ್ಟು ಬೆಳಿಗ್ಗೆ ಹೋಗಿ ಸಂಜೆ ಬನ್ನಿ. ಬ್ರೌನ್ ಇರುವುದು ಗುಡ್ಡದ ಮೇಲೆ. ಮಂಡಿನೋವಿನವರು ಕ್ಯಾಬ್ ಹಿಡಿಯುವುದು ಒಳ್ಳೆಯದು. ಇಲ್ಲಿ 1969ರಿಂದ ಎಲ್ಲರೂ ಓದಲೇಬೇಕು ಅನ್ನುವ ಪಟ್ಟಿಯೇ ಇಲ್ಲ. ಗಣಿತ ಬೇಡವೆಂದರೆ ನಾಲ್ಕು ವರ್ಷ ಮುಟ್ಟದೇ ಇರಬಹುದು, ಆರಿಸಿಕೊಂಡ ವಿಷಯಕ್ಕೆ ಬೇಕಿಲ್ಲದಿದ್ದರೆ. ತಾನೇ ದಾರಿ ಮಾಡಿಕೊಳ್ಳುವ ಮಗುವಿಗೆ ಇದು ಸ್ವರ್ಗ. ನಾಳೆ ಏನು ಓದಲಿ ಅಂತ ಕೇಳುವ ಮಗುವಿಗೆ ಕಷ್ಟ. ಪಿಸಿಎಂಬಿ ಪೋಷಕರಿಗೆ ಇಲ್ಲೊಂದು ಮಾತು: ಅಮೆರಿಕದಲ್ಲಿ ಪಿಯು ಆದ ತಕ್ಷಣ ಎಂಬಿಬಿಎಸ್ ಅನ್ನುವುದಿಲ್ಲ. ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ಮೆಡಿಕಲ್, ಅದರಲ್ಲೂ ಹೊರದೇಶದವರನ್ನು ತೆಗೆದುಕೊಳ್ಳುವ ಮೆಡಿಕಲ್ ಕಾಲೇಜುಗಳು ಕಡಿಮೆ. ಬ್ರೌನ್‌ನಲ್ಲಿ ಡಿಗ್ರಿ, ಮೆಡಿಕಲ್ ಎರಡೂ ಸೇರಿದ ಎಂಟು ವರ್ಷದ ದಾರಿ ಇದೆ, ಅದಕ್ಕೆ ಪೈಪೋಟಿ ಇನ್ನೂ ಜೋರು.

ಯೇಲ್ ಇರುವ ನ್ಯೂ ಹೇವನ್‌ಗೆ ಅದೇ ಆ್ಯಮ್‌ಟ್ರ್ಯಾಕ್. ಟಿಕೆಟ್ ದರ ದಿನ ಹತ್ತಿರವಾದಷ್ಟೂ ಏರುತ್ತದೆ, ಮೊದಲೇ ತೆಗೆದಿಡಿ; ಅಸೆಲಾ ಅನ್ನುವ ವೇಗದ ರೈಲಿಗೆ ಹೆಚ್ಚು ಕೊಡುವಂಥ ಅವಸರ ಏನೂ ಇಲ್ಲ. ಎಲಿಹು ಯೇಲ್ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಆಗಿದ್ದವನು. ಅಲ್ಲಿ ಮಾಡಿಕೊಂಡ ಸಂಪತ್ತಿನಲ್ಲಿ ಒಂದಿಷ್ಟು ಸಾಮಾನು, ಪುಸ್ತಕ ಕಳಿಸಿದ್ದಕ್ಕೆ 1718ರಲ್ಲಿ ಕಾಲೇಜಿಗೆ ಅವನ ಹೆಸರು ಬಿತ್ತು. ವೀಸಾಕ್ಕೆ ಚೆನ್ನೈಗೆ ಹೋದವರು ಆ ಕೋಟೆಯನ್ನೂ ನೋಡಿ ಬಂದಿದ್ದರೆ ಎರಡು ತುದಿಯೂ ನೋಡಿದಂತಾಯಿತು. ಬೈನೆಕೆ ಅಪರೂಪದ ಪುಸ್ತಕಗಳ ಗ್ರಂಥಾಲಯವನ್ನು ಬಿಡಬೇಡಿ. ಕಿಟಕಿಯೇ ಇಲ್ಲ, ತೆಳ್ಳಗೆ ಕೊಯ್ದ ಅಮೃತಶಿಲೆಯ ಗೋಡೆಯ ಮೂಲಕ ಬಿಸಿಲು ಜೇನಿನ ಬಣ್ಣದಲ್ಲಿ ಸೋಸಿ ಬರುತ್ತದೆ, ಮಧ್ಯೆ ಗಾಜಿನ ಗೋಪುರದ ತುಂಬ ಪುಸ್ತಕ. ಗುಟೆನ್‌ಬರ್ಗ್ ಬೈಬಲ್‌ನ ಒಂದು ಪ್ರತಿ ಇಲ್ಲಿದೆ, ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ.

ಯೇಲ್‌ನ ವಿಶೇಷ ಅದರ 14 ವಸತಿ ಕಾಲೇಜುಗಳು. ಸೇರುವ ಮೊದಲೇ ಮಗುವನ್ನು ಒಂದಕ್ಕೆ ಹಾಕುತ್ತಾರೆ, ನಾಲ್ಕು ವರ್ಷವೂ ಅದೇ ಅವರ ಬಳಗ, ಅದಕ್ಕೇ ಸ್ವಂತ ಊಟದ ಮನೆ, ಸ್ವಂತ ಡೀನ್. ಹಾರ್ವರ್ಡ್‌ನಲ್ಲಿ ಇಂಥ ಹೌಸ್ ಸಿಗುವುದು ಎರಡನೇ ವರ್ಷದಿಂದ. ಮನೆ ಬಿಟ್ಟು ಎಂದೂ ಇರದ ಮಕ್ಕಳಿಗೆ ಇದು ಸಣ್ಣ ವ್ಯತ್ಯಾಸವಲ್ಲ, ನನ್ನ ಮಟ್ಟಿಗಂತೂ ರ‍್ಯಾಂಕ್‌ಗಿಂತ ದೊಡ್ಡದು. ಮಗಳ ಪಟ್ಟಿಯಲ್ಲಿ ಯೇಲ್ ಮೇಲೆ ಹೋದದ್ದು ಇಲ್ಲೇ. ಟೂರ್ ಮಾಡಿಸುವ ಹುಡುಗರನ್ನು 'ಕಾಲೇಜು ಹೇಗಿದೆ' ಅಂತ ಕೇಳಬೇಡಿ. 'ನಿನ್ನೆ ರಾತ್ರಿ ಊಟ ಯಾರ ಜೊತೆ ಮಾಡಿದೆ, ಹೋದ ವಾರ ಪ್ರೊಫೆಸರ್ ಜೊತೆ ಎದುರಾಬದುರು ಮಾತಾಡಿದ್ದು ಯಾವಾಗ' ಅಂತ ಕೇಳಿ. ಆಗ ಬಾಯಿಪಾಠದ ಉತ್ತರ ಬರುವುದಿಲ್ಲ.

ನ್ಯೂ ಹೇವನ್‌ನಿಂದ ನ್ಯೂಯಾರ್ಕ್‌ಗೆ ಮೆಟ್ರೋ-ನಾರ್ತ್ ಲೋಕಲ್ ಹಿಡಿಯಿರಿ, ಗ್ರ್ಯಾಂಡ್ ಸೆಂಟ್ರಲ್‌ಗೆ ಕರೆದೊಯ್ಯುತ್ತದೆ. ಕೊಲಂಬಿಯಾದ ಗೇಟಿನಲ್ಲಿ ಇತ್ತೀಚೆಗೆ ಕಾವಲು ಬಿಗಿ, ಮೊದಲೇ ಹೆಸರು ಬರೆಸದೆ ಹೋದರೆ ಒಳಗೆ ಬಿಡುವುದಿಲ್ಲ. ಅಂಬೇಡ್ಕರ್ 1913ರಿಂದ 1916ರವರೆಗೆ ಓದಿದ ಜಾಗ ಇದು. ಪಾಠದ ವಿಷಯದಲ್ಲಿ ಬ್ರೌನ್‌ಗೆ ಪೂರಾ ಉಲ್ಟಾ: ಕೋರ್ ಅನ್ನುವ ಪಾಠಗಳು ಕಡ್ಡಾಯ, ಹೋಮರ್, ಪ್ಲೇಟೋದಿಂದ ಹಿಡಿದು ಸಂಗೀತ, ಚಿತ್ರಕಲೆಯವರೆಗೆ. ಬರೀ ಪ್ರಾಬ್ಲಂ ಬಿಡಿಸಿಕೊಂಡಿರುವ ಮಕ್ಕಳಿಗೆ ಓದಿನ ಹೊರೆ ಜಾಸ್ತಿಯೇ. ಎಂಜಿನಿಯರಿಂಗ್‌ಗೆ ಬೇರೆ ಸ್ಕೂಲು, ಅರ್ಜಿ ಹಾಕುವಾಗಲೇ ಅದನ್ನು ಹೇಳಬೇಕು, ಅವರಿಗೆ ಕೋರ್ ಸ್ವಲ್ಪ ಹಗುರ.

ಊಟದ ಚಿಂತೆ ಇಲ್ಲಿಂದ ಮುಂದೆ ಇಲ್ಲ. ಬಾಸ್ಟನ್‌ನಲ್ಲಿ ಫಲಾಫೆಲ್, ಬರೀಟೋ ತಿಂದು ನಾಲಿಗೆ ಕೆಟ್ಟಿರುತ್ತದೆ. ಮ್ಯಾನ್‌ಹ್ಯಾಟನ್‌ನ ಲೆಕ್ಸಿಂಗ್ಟನ್ ಅವೆನ್ಯೂವಿನಲ್ಲಿ ದೋಸೆ, ನ್ಯೂಜೆರ್ಸಿ ಎಡಿಸನ್‌ನ ಓಕ್ ಟ್ರೀ ರೋಡಿನಲ್ಲಿ ಏನು ಬೇಕಾದರೂ.

ಫಿಲಡೆಲ್ಫಿಯಾದ ಪೆನ್ ಅನ್ನು ಪ್ರಿನ್ಸ್‌ಟನ್‌ಗಿಂತ ಮೊದಲು ಮುಗಿಸಿಕೊಳ್ಳಿ. 30ನೇ ಸ್ಟ್ರೀಟ್ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಅಲ್ಲಿನ ವಾರ್ಟನ್ ಸ್ಕೂಲಿನ ಬಿಸಿನೆಸ್ ಡಿಗ್ರಿ ಬೇಕೆಂದು ಮೊದಲೇ ಖಚಿತವಾಗಿರುವವರಿಗೆ ಸರಿ, ಅಲ್ಲಿ ಅರ್ಜಿಯಲ್ಲೇ ಸ್ಕೂಲು ಆರಿಸಬೇಕು. ನಮಗೆ ಅದು ಬೇಕಿರಲಿಲ್ಲ, ಬೇಗ ಹೊರಟೆವು.

ಪ್ರಿನ್ಸ್‌ಟನ್ ಜಂಕ್ಷನ್‌ನಲ್ಲಿ ಇಳಿದು 'ಡಿಂಕಿ' ಅನ್ನುವ ಪುಟ್ಟ ರೈಲು ಹತ್ತಿದರೆ ಐದು ನಿಮಿಷಕ್ಕೆ ಕ್ಯಾಂಪಸ್ ಅಂಚು. ಮೆಡಿಕಲ್, ಲಾ, ಬಿಸಿನೆಸ್ ಸ್ಕೂಲು ಯಾವುದೂ ಇಲ್ಲ, ಹಾಗಾಗಿ ಪ್ರೊಫೆಸರುಗಳ ಗಮನ ಡಿಗ್ರಿ ಮಕ್ಕಳ ಕಡೆ ಹೆಚ್ಚು. ಕೊನೆಯ ವರ್ಷ ಸ್ವಂತ ಸಂಶೋಧನೆಯ ಪ್ರಬಂಧ ಹೆಚ್ಚುಕಡಿಮೆ ಎಲ್ಲರೂ ಬರೆಯಬೇಕು. ಗಣಿತ ಅಂದರೆ ಪ್ರಾಣ ಬಿಡುವ ಮಕ್ಕಳು ಇಲ್ಲಿಗೆ ಬಂದೇ ಬರಬೇಕು, ಫೀಲ್ಡ್ಸ್ ಪದಕ ಪಡೆದ ಮಂಜುಲ್ ಭಾರ್ಗವ ಇಲ್ಲೇ ಪಾಠ ಮಾಡುವುದು.

ಊರಿಗೆ ಬಂದಮೇಲೆ ಮಾಡಬೇಕಾದ್ದು ಎರಡಿದೆ. ಒಂಬತ್ತನೇ ತರಗತಿಯಿಂದ ಅಂಕಪಟ್ಟಿ ಬೇಕು. ಹತ್ತರ ನಂತರ ಕಾಲೇಜು ಬದಲಾಯಿಸಿದವರು ಹಳೆಯ ಶಾಲೆಗೂ ಓಡಾಡಬೇಕು. ಇಬ್ಬರು ಮೇಷ್ಟ್ರ ಶಿಫಾರಸು ಪತ್ರ ಬೇಕು, ನಮ್ಮ ಪಿಯು ಕಾಲೇಜುಗಳಲ್ಲಿ ಅಂಥ ಪತ್ರ ಬರೆದು ಅಭ್ಯಾಸವಿಲ್ಲ, ಬೇಸಿಗೆಯಲ್ಲೇ ಕೂತು ವಿವರಿಸಿ. ನವೆಂಬರ್ ಮೊದಲ ದಿನವೇ ಅರ್ಲಿ, ಅಂದರೆ ಮುಂಚಿತವಾಗಿ ಹಾಕುವ, ಅರ್ಜಿಯ ಗಡುವು. ಬ್ರೌನ್, ಕೊಲಂಬಿಯಾ, ಪೆನ್‌ಗೆ ಅರ್ಲಿಯಲ್ಲಿ ಹಾಕಿ ಸೀಟು ಸಿಕ್ಕರೆ ಸೇರಲೇಬೇಕು ಅನ್ನುವ ಕರಾರು ಇದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗೆ ಆ ಕರಾರಿಲ್ಲ, ಆದರೆ ಅರ್ಲಿಯಲ್ಲಿ ಬೇರೆ ಖಾಸಗಿ ಕಾಲೇಜಿಗೆ ಹಾಕುವ ಹಾಗಿಲ್ಲ. ಯಾವುದಕ್ಕೆ ಆ ಒಂದು ಅರ್ಜಿ ಅನ್ನುವುದನ್ನು ವಾಪಸ್ ವಿಮಾನ ಹತ್ತುವ ಮೊದಲೇ ಮಗುವಿನ ಬಾಯಲ್ಲಿ ಹೇಳಿಸಿಕೊಳ್ಳಿ.

ಪ್ರಿನ್ಸ್‌ಟನ್ ಕೊನೆಗಿಟ್ಟುಕೊಳ್ಳಿ ಎಂದದ್ದಕ್ಕೆ ಕಾರಣ ಸರಳ. ಪ್ರಿನ್ಸ್‌ಟನ್ ಜಂಕ್ಷನ್‌ನಿಂದ ಎನ್‌ಜೆ ಟ್ರಾನ್ಸಿಟ್ ರೈಲು ಸೀದಾ ನ್ಯೂವಾರ್ಕ್ ವಿಮಾನ ನಿಲ್ದಾಣದ ಸ್ಟೇಷನ್‌ಗೆ ಹೋಗುತ್ತದೆ. ಟಿಕೆಟ್ ತೆಗೆಯುವಾಗ 'ಏರ್‌ಪೋರ್ಟ್' ಎಂದೇ ಆರಿಸಿ, ಒಳಗಿನ ಏರ್‌ಟ್ರೇನ್ ಶುಲ್ಕ ಅದರಲ್ಲೇ ಸೇರಿರುತ್ತದೆ; ಟಿಕೆಟ್ ಬಿಸಾಡಬೇಡಿ, ಹೊರಗೆ ಹೋಗುವ ಗೇಟಿನಲ್ಲಿ ಮತ್ತೆ ಕೇಳುತ್ತದೆ.