ಎರಡು ನಿಮಿಷಕ್ಕೆ ಮೂರು ಬೆಳಗು

ಕಾಲೇಜಿನ ಪ್ರಾಜೆಕ್ಟ್‌ಗೆ ಒಂದು ಥ್ರಿಲ್ಲರ್ ಸಿನಿಮಾದ ಓಪನಿಂಗ್ ಮಾಡಬೇಕಿತ್ತು. ಬರೀ ಎರಡು ನಿಮಿಷ. ಐದು ಜನ, ಒಂದು ಫೋನು, ಒಂದು ಟ್ರೈಪಾಡು, ಅದರದ್ದೂ ಒಂದು ಕಾಲು ಸಡಿಲ. ಧಾರವಾಡದ ಸಾಧನಕೇರಿಗೆ ಬೆಳಗ್ಗೆ ಆರಕ್ಕೇ ಹೋದೆವು. ಹೀರೋ ಕೆರೆ ಕಡೆ ನಡೆದು ಬರಬೇಕು, ದಾರಿಯಲ್ಲಿ ಬಿದ್ದ ಬ್ಯಾಗ್ ನೋಡಿ ನಿಲ್ಲಬೇಕು, ಅಷ್ಟೇ. ಅಷ್ಟಕ್ಕೇ ಮೂರು ಬೆಳಗು ಹೋಯಿತು.

ಮೊದಲ ದಿನ ಗಾಳಿ. ಮೈಕಿನಲ್ಲಿ ಡೈಲಾಗಿಗಿಂತ ಅದರ ಸದ್ದೇ ಜಾಸ್ತಿ, ಕೊನೆಗೆ ಮೈಕಿಗೆ ಉಣ್ಣೆ ಟೋಪಿ ತೊಡಿಸಿದೆವು (ನಿಜಕ್ಕೂ ಕೆಲಸ ಮಾಡಿತು!). ಎರಡನೇ ದಿನ ವಾಕಿಂಗ್‌ಗೆ ಬಂದಿದ್ದ ಅಜ್ಜಾರು ಸೀದಾ ಫ್ರೇಮಿನೊಳಗೇ ಬಂದು "ಯಾರದೋ ತಮ್ಮಾ ಈ ಬ್ಯಾಗ್? ಹಿಂಗ ಒಗೀತಾರೇನು?" ಅಂತ ಅದನ್ನ ಎತ್ತಿ, ಧೂಳು ಜಾಡಿಸಿ, ಬೆಂಚಿನ ಮೇಲಿಟ್ಟು ಹೋದರು. ಸುಳ್ಳು ಹೇಳಲ್ಲ, ನಮ್ಮ ಹೀರೋಗಿಂತ ಅವರ ನಟನೆ ಸಹಜವಾಗಿತ್ತು.

ಎಡಿಟಿಂಗ್‌ಗೆ ಕೂತರೆ ಒಂದು ಶಾಟಲ್ಲಿ ಹೀರೋ ಕೈಲಿ ವಾಚಿದೆ, ಮುಂದಿನದರಲ್ಲಿ ಇಲ್ಲ. ಅರ್ಧ ಶಾಟ್ ಸೆಕೆಂಡಿಗೆ 24 ಫ್ರೇಮಿನವು, ಉಳಿದವು 30ರವು, ಯಾರೋ ಸೆಟ್ಟಿಂಗ್ ಮುಟ್ಟಿದ್ದಾರೆ (ನಾನೇ). ಹೀರೋ ನಡೆಯೋ ದಾರಿಯನ್ನೇ ಒಂದು ಗೆರೆ ಅಂದುಕೊಂಡು ಕ್ಯಾಮೆರಾ ಅದರ ಒಂದೇ ಬದಿಗಿರಬೇಕು; ನಮ್ಮದು ಆ ಗೆರೆ ದಾಟಿ ಆ ಕಡೆ ಹೋಗಿದ್ದಕ್ಕೆ, ಬಲಕ್ಕೆ ನಡೆಯುತ್ತಿದ್ದವನು ಕಟ್ ಆದ ಕೂಡಲೇ ಎಡಕ್ಕೆ ತಿರುಗಿ, ಏನೋ ಮರೆತು ವಾಪಸ್ ಮನೆಗೆ ಹೊರಟವನ ಹಾಗೆ ಕಾಣುತ್ತಾನೆ. ಇದನ್ನೇ ಹೇಳೋ 180 ಡಿಗ್ರಿ ನಿಯಮವನ್ನ ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದವನು ನಾನು!

ಈಗ ಯಾವ ಸಿನಿಮಾ ಹಾಕಿದರೂ ಕಥೆ ಬಿಟ್ಟು ಸುಮ್ನೆ ಎಲ್ಲರ ಕೈಗಡಿಯಾರ ನೋಡುತ್ತಾ ಕೂರುತ್ತೇನೆ. ಸೋಮವಾರ ಸಬ್ಮಿಷನ್. ನಾಳೆ ಅಜ್ಜಾರು ಸಿಕ್ಕರೆ ಕೇಳಬೇಕು, ಆ ಶಾಟ್ ಇಟ್ಟುಕೊಳ್ಳಲಾ ಅಂತ.