ಗೇಟಿನಲ್ಲಿ ಕೂಗಿದ ಹೆಸರು

ಗುರುವಾರ, 13 ನವೆಂಬರ್ 2025
ರಾತ್ರಿ 11:20

ಅಪ್ಪ ಈಗಷ್ಟೇ ಮಲಗಿದರು. ಗೊರಕೆ ಕೇಳಿಸುತ್ತಿದೆ, ಅಂದರೆ ಇವತ್ತಿಗೆ ಸಾಕು. ನಾಳೆ ಎಂಟನೇ ಕ್ಲಾಸಿಗೆ ಟೆಸ್ಟ್ ಇದೆ, ಪ್ರಶ್ನೆಪತ್ರಿಕೆ ಇನ್ನೂ ಬರೆದಿಲ್ಲ. ಆದರೂ ಇದನ್ನು ಬರೆಯದೆ ನಿದ್ದೆ ಬರುವ ಹಾಗಿಲ್ಲ.

ಸೋಮವಾರದಿಂದ ಅಪ್ಪ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಲಕ್ವ ಹೊಡೆದ ಮೇಲೆ ಮಾತು ತೊದಲುತ್ತೆ, ಮೊದಲ ದಿನ ನನಗೆ ಅರ್ಥವೇ ಆಗಲಿಲ್ಲ. "ಪುಸ್ತಕ, ಪುಸ್ತಕ" ಅಂದರು. ಸತ್ಯವೇದ ಕೊಟ್ಟೆ, ಪಕ್ಕಕ್ಕೆ ತಳ್ಳಿದರು. ಕನ್ನಡಕ ಕೊಟ್ಟೆ, ಅದನ್ನೂ ತಳ್ಳಿದರು. ಆಮೇಲೆ ಎಡಗೈ ಬೆರಳಿನಿಂದ ಕಂಬಳಿ ಮೇಲೆ ಏನೋ ಗೀಚುತ್ತಾ ಕೇಳಿದರು, "ನನ್ ಹೆಸ್ರು ಐತೇನು ಅದರಾಗೆ?"

ಜೀವಬಾಧ್ಯರ ಪುಸ್ತಕ, ರಕ್ಷಣೆ ಹೊಂದಿದವರ ಹೆಸರು ಪರಲೋಕದಲ್ಲಿ ಬರೆದಿರುತ್ತೆ ಅಂತ ಸತ್ಯವೇದ ಹೇಳುವ ಪುಸ್ತಕ. ಅದನ್ನು ಕೇಳುತ್ತಿದ್ದಾರೆ ಅಂತ ಹೊಳೆದಾಗ ನಾನು ಸ್ವಲ್ಪ ಹೊತ್ತು ಅಡುಗೆಮನೆಗೆ ಹೋಗಿ ಸುಮ್ನೆ ನಿಂತಿದ್ದೆ.

ಯಾಕಂದರೆ ಇದನ್ನು ಕೇಳುತ್ತಿರುವುದು ಅಪ್ಪ. ನಮ್ಮ ಚರ್ಚಿನ ಸಭೆಯಲ್ಲಿ ಯಾರು ಹಾಸಿಗೆ ಹಿಡಿದರೂ ಸೈಕಲ್ ತುಳಿದುಕೊಂಡು ಹೋಗಿ, ಯೋಹಾನ 10:28 ಓದಿ, ನನ್ನ ಕೈಯಿಂದ ಅವರನ್ನು ಯಾರೂ ಕಿತ್ತುಕೊಳ್ಳಲ್ಲ ಅಂತ ಯೇಸುಸ್ವಾಮಿ ಹೇಳಿದ್ದಾನೆ, ಹೆದರಬೇಡಿ ಅಂತ ಹೇಳಿ ಬರುತ್ತಿದ್ದ ಮನುಷ್ಯ. ದಾವಣಗೆರೆಯ ಕೆ.ಟಿ.ಜೆ. ನಗರದಿಂದ ಹಿಡಿದು ಹರಿಹರದವರೆಗೆ ಎಷ್ಟು ಮನೆಗೆ ಹೋಗಿದ್ದರೋ. ರಕ್ಷಣೆಯ ನಿಶ್ಚಯ, ಅಂದರೆ ದೇವರು ನನ್ನನ್ನು ಕೈಬಿಡಲ್ಲ ಅನ್ನುವ ಖಾತ್ರಿ, ಇಲ್ಲ ಅನ್ನುವವರನ್ನು ಕಂಡರೆ ಅವರಿಗೆ ಒಂಥರಾ ಕನಿಕರ ಇರುತ್ತಿತ್ತು, ಶೀತ ಆದವರನ್ನು ನೋಡುವ ಹಾಗೆ.

ನಾನು ಟೀಚರ್ ಅಲ್ವಾ, ಟೀಚರ್ ಕೆಲಸವನ್ನೇ ಮಾಡಿದೆ. ನಿಮ್ಮ ಹೆಸರು ಪರಲೋಕದಲ್ಲಿ ಬರೆದಿದೆ, ಅದಕ್ಕೆ ಸಂತೋಷಪಡಿ ಅನ್ನುವ ಲೂಕ 10:20 ಹೇಳಿದೆ. ನಂಬಿದವರಿಗೆ ನಿತ್ಯಜೀವ ಉಂಟು ಅಂತ ಗೊತ್ತಾಗಲಿ ಅನ್ನುವ 1 ಯೋಹಾನ 5:13 ಹೇಳಿದೆ. ಅಪ್ಪನಿಗೆ ಕಿವಿ ಮೊದಲೇ ಮಂದ, ಪಕ್ಕದ ಮನೆಯವರಿಗೂ ಕೇಳಿಸುವ ಹಾಗೆ ಪ್ರಕಟನೆ 3:5 ಕೂಗಿದೆ. ಜಯಹೊಂದಿದವನ ಹೆಸರನ್ನು ಆ ಪುಸ್ತಕದಿಂದ ಅಳಿಸುವುದಿಲ್ಲ ಅಂತ ಇದೆಯಲ್ಲಪ್ಪ! ಅಪ್ಪ ಕಣ್ಣು ಮುಚ್ಚಿಕೊಂಡರು. "ಜಯ ಹೊಂದಿದೋರಿಗೆ ಅದು. ನಾನು ಮಲಗೀನಿ."

ಏನು ಹೇಳಲಿ ಅದಕ್ಕೆ?

ಮಂಗಳವಾರ ಅಯ್ಯನವರು, ನಮ್ಮ ಸಭೆಯ ಪಾಸ್ಟರ್, ಬಂದಿದ್ದರು. ಒಳ್ಳೆಯವರೇ, ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು, ಕಾಫಿ ಬೇಡ ಅಂದರು. ಹೋಗುವಾಗ ಮಾತ್ರ, ಇಂಥ ಸಂಶಯ ಎಲ್ಲ ಸೈತಾನನಿಂದ ಬರುವುದು, ಜಾಗ ಕೊಡಬೇಡಿ ಅಂದರು. ಅಷ್ಟೇ. ಮೊದಲು ಅಪ್ಪನಿಗೆ ಒಂದು ಭಯ ಇತ್ತು, ಈಗ ಎರಡಾದವು. ಆ ರಾತ್ರಿ ಪೂರ್ತಿ ಅತ್ತರು. ಲಕ್ವ ಹೊಡೆದವರು ಅಳುವುದೇ ಹಾಗೆ, ಅರ್ಧ ಮುಖ ಅಳುತ್ತೆ, ಇನ್ನರ್ಧ ಏನೂ ಗೊತ್ತಿಲ್ಲದ ಹಾಗೆ ಇರುತ್ತೆ.

ಅಣ್ಣ ಬೆಂಗಳೂರಿಂದ ಫೋನ್ ಮಾಡಿ ಪ್ರಾರ್ಥನೆ ಮಾಡ್ತಿದೀವಿ ಅಂದ. ಮಾಡಲಿ. ಅಡವಿಟ್ಟ ಬಳೆಯ ಬಡ್ಡಿ ಯಾರು ಕಟ್ಟುವುದು ಅಂತಲೂ ಒಂದು ಮಾತು ಪ್ರಾರ್ಥನೆಯಲ್ಲಿ ಸೇರಿಸಿಕೊಂಡರೆ ಒಳ್ಳೆಯದಿತ್ತು. ಇರಲಿ, ಆ ವಿಷಯ ಇಲ್ಲಿ ಬೇಡ.

ಇವತ್ತು ಸಂಜೆ ಮಿಲ್ ಮಾಮ ಬಂದ. ಅಪ್ಪನ ಜೊತೆ ಬಟ್ಟೆ ಮಿಲ್ಲಿನಲ್ಲಿದ್ದವನು, ಹಿಂದೆ ಬರೆದಿದ್ದೇನೆ. ಹಣೆ ತುಂಬ ವಿಭೂತಿ, ಕಂಕುಳಲ್ಲಿ ಪೇಪರ್ ಪೊಟ್ಟಣ. ಪೊಟ್ಟಣದಲ್ಲಿ ಖಾರ ಮಂಡಕ್ಕಿ, ಮೇಲೆ ನಾಲ್ಕು ಮಿರ್ಚಿ. ಪೇಪರ್ ಎಣ್ಣೆ ಕುಡಿದು ಗಾಜಿನ ಹಾಗೆ ಆಗಿತ್ತು. ಅಪ್ಪನಿಗೆ ನುಂಗುವುದು ಕಷ್ಟ, ಮೆತ್ತಗಿನದು ಬಿಟ್ಟು ಬೇರೆ ಏನೂ ಕೊಡಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಮಾಮ ಒಂದೇ ಒಂದು ಮಂಡಕ್ಕಿ ತೆಗೆದು ಅಪ್ಪನ ನಾಲಗೆ ಮೇಲಿಟ್ಟ. ಒಂದೇ. ಅದು ಕರಗುವವರೆಗೂ ಅವರ ಗಂಟಲನ್ನೇ ನೋಡುತ್ತಾ ಕೂತ. ಆಮೇಲೆ ಇನ್ನೊಂದು. ಹೀಗೆ ಹತ್ತು ಹನ್ನೆರಡು.

ಅಪ್ಪ ಅವನನ್ನೂ ಕೇಳಿದರು. "ಪುಸ್ತಕದಾಗೆ ನನ್ ಹೆಸ್ರು ಐತೇನಲೇ?"

ಮಾಮನಿಗೆ ಎಲ್ಲಿಯ ಜೀವಬಾಧ್ಯರ ಪುಸ್ತಕ. ಅವನು ಮಿಲ್ಲಿನ ಹಾಜರಿ ಪುಸ್ತಕ ಅಂದುಕೊಂಡ. ನಾನು ತಿದ್ದಲು ಹೋದೆ, ಯಾಕೋ ಬಾಯಿ ಬರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ಅಪ್ಪ ಮೊದಲು ಬದ್ಲಿ ಕೆಲಸಗಾರ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ. ಬದ್ಲಿ ಅಂದರೆ ಪಾಳಿ ಶುರುವಾಗುವ ಮುಂಚೆ ಗೇಟಿನ ಹತ್ತಿರ ಹೋಗಿ ನಿಲ್ಲಬೇಕು, ಒಳಗೆ ಯಾರಾದರೂ ರಜಾ ಹಾಕಿದ್ದರೆ ಆ ಜಾಗಕ್ಕೆ ಹೊರಗಿನವರಲ್ಲಿ ಒಬ್ಬನ ಹೆಸರು ಕೂಗುತ್ತಾರೆ, ಕೂಗಿದರೆ ಅವತ್ತಿನ ಕೂಲಿ, ಇಲ್ಲದಿದ್ದರೆ ಬುತ್ತಿ ಹಿಡಿದುಕೊಂಡು ವಾಪಸ್. ಆರು ವರ್ಷ ಹಾಗೆ ನಿಂತಿದ್ದಾರೆ. ನಾನು ಹುಟ್ಟಿದ ಮೇಲೆ ಪರ್ಮನೆಂಟ್ ಆಯ್ತು ಅಂತ ಅಮ್ಮ ಹೇಳುತ್ತಿದ್ದಳು. ಅದೂ ಉಳಿಯಲಿಲ್ಲ. 1997ರ ಆಗಸ್ಟಿನಲ್ಲಿ ನಮ್ಮೂರು ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆ ಆದಾಗ ಪಟಾಕಿ ಸದ್ದು ಕೇಳಿದ್ದು ನೆನಪಿದೆ. ಅಷ್ಟೊತ್ತಿಗೆ ಅಪ್ಪನ ಗೇಟಿಗೆ ಬೀಗ ಬಿದ್ದಿತ್ತು.

ಮಾಮ ಮಿರ್ಚಿ ಕಚ್ಚಿ, ಖಾರಕ್ಕೆ ಉಸ್ ಅಂದು, ಅಪ್ಪನ ಕಿವಿ ಹತ್ತಿರ ಬಗ್ಗಿ ಕೂಗಿದ. "ಲೇ ಪಾದ್ರಿ, ನಿನ್ ಹೆಸ್ರು ಕೂಗಿದ್ದು ನಿಂಗೆ ಯಾವತ್ತಾದ್ರೂ ಕೇಳ್ಸಿತ್ತೇನಲೇ? ಮಗ್ಗದ ಗದ್ಲಕ್ಕೆ ಒಂದೇ ವರ್ಷಕ್ಕೆ ಕಿವಿ ಕಳ್ಕಂಡಿದ್ದೆ. ಬಾಯಿ ತಕ್ಕಂಡು ಮರದಂಗೆ ನಿಂತಿರ್ತಿದ್ದೆ. ನಾ ಪಕ್ಕೆಗೆ ತಿವಿದ್ರೆ ಒಳಗೆ ಹೋಗ್ತಿದ್ದೆ. ನಿಂಗೆ ಕೇಳ್ಸಲಿಲ್ಲ ಅಂದ್ರೆ ಅವ್ರು ಕೂಗ್ಲಿಲ್ಲ ಅಂತೇನು?"

ಅಪ್ಪ ನಕ್ಕರು. ಅರ್ಧ ಬಾಯಲ್ಲಿ. ಸೆಪ್ಟೆಂಬರ್ ಆದ ಮೇಲೆ ಇದೇ ಮೊದಲು.

ಆಮೇಲೆ ಬಹಳ ಹೊತ್ತು ಸುಮ್ಮನಿದ್ದು, "ಈಗ ಯಾರು ತಿವಿತಾರೆ?" ಅಂದರು.

ಮಾಮ ಏನೂ ಹೇಳಲಿಲ್ಲ. ಎಡಗಡೆ ಪಕ್ಕೆಗೆ ಮೊಣಕೈಯಿಂದ ಮೆತ್ತಗೆ ಒಂದು ತಿವಿದ, ಇನ್ನೊಂದು ಮಿರ್ಚಿ ತಗೊಂಡ.

ಅಪ್ಪ ಯಾವ ಪುಸ್ತಕಕ್ಕೆ ಉತ್ತರ ಸಿಕ್ಕಿತು ಅಂದುಕೊಂಡರು? ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ.

ಕೂಪರ್ ಅಂತ ಒಬ್ಬ ಇಂಗ್ಲಿಷ್ ಕವಿ ಇದ್ದ. 1773ರಲ್ಲಿ ಅವನಿಗೆ ದೇವರು ತನ್ನನ್ನು ಕೈಬಿಟ್ಟ ಅಂತ ಮನಸ್ಸಿಗೆ ಕೂತುಬಿಟ್ಟಿತು. 1800ರಲ್ಲಿ ಸಾಯುವವರೆಗೂ ಅದು ಹೋಗಲೇ ಇಲ್ಲ. ಅವನು ಬರೆದ ಕೀರ್ತನೆಗಳನ್ನು ಮಾತ್ರ ಜನ ಇವತ್ತಿಗೂ ಹಾಡುತ್ತಾರೆ. ಹಾಡುವವರಿಗೆ ಸಿಕ್ಕ ಸಮಾಧಾನ ಬರೆದವನಿಗೆ ಸಿಗಲಿಲ್ಲ. ಕಾಲೇಜಿನಲ್ಲಿ ಇದನ್ನು ಓದಿದಾಗ ಪಾಪ ಅನ್ನಿಸಿತ್ತು, ಅಷ್ಟೇ. ಈಗ ಪಕ್ಕದ ಕೋಣೆಯಲ್ಲೇ ಅದು ಮಲಗಿದೆ. ನಿಶ್ಚಯ ಇಲ್ಲದವನಿಗೆ ರಕ್ಷಣೆಯೂ ಇಲ್ಲ ಅಂತ ಯಾರಾದರೂ ಈಗ ನನ್ನ ಮುಂದೆ ಹೇಳಲಿ ನೋಡೋಣ.

ನಾವು ನಿರೀಕ್ಷೆ ಅನ್ನುವ ಪದವನ್ನು ಎಷ್ಟು ಸಲೀಸಾಗಿ ಹೇಳುತ್ತೇವೆ. ಹೊರಗೆ ಅದು ಬಸ್ಸಿಗೆ ಕಾಯುವ ಪದ, ಬಂದರೆ ಬಂತು. ಇಬ್ರಿಯರಿಗೆ ಬರೆದ ಪತ್ರದಲ್ಲಿ, 6:19, ಅದು ಲಂಗರು. ದಾವಣಗೆರೆಯವಳು ನಾನು, ನೀರು ಅಂದರೆ ಭದ್ರಾ ಕಾಲುವೆ, ಕುಂದವಾಡ ಕೆರೆ. ಲಂಗರು ಹಾಕಿದ ದೋಣಿ ನೋಡಿದ್ದು ಬಿ.ಎಡ್. ಟ್ರಿಪ್ಪಿನಲ್ಲಿ, ಮಲ್ಪೆಯಲ್ಲಿ. ಅದು ಕುಣಿಯುತ್ತಲೇ ಇತ್ತು. ಕಟ್ಟಿದ್ದಾರೆ ಅಂತ ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ. ಅಪೊಸ್ತಲರ ಕೃತ್ಯಗಳಲ್ಲಿ ಪೌಲನ ಹಡಗು ಬಿರುಗಾಳಿಗೆ ಸಿಕ್ಕಿದಾಗಲೂ ಹಾಗೇ ಅಲ್ವಾ. 276 ಜನ, ಹದಿನಾಲ್ಕನೇ ರಾತ್ರಿ. ಯಾರ ಪ್ರಾಣಕ್ಕೂ ಏನೂ ಆಗಲ್ಲ ಅಂತ ಪೌಲ ಆಗಲೇ ಹೇಳಿಬಿಟ್ಟಿದ್ದ. ಆದರೂ ಅವರು ಹಿಂಭಾಗದಿಂದ ನಾಲ್ಕು ಲಂಗರು ಬಿಟ್ಟು, ಯಾವಾಗ ಬೆಳಗಾಗುತ್ತೋ ಅಂತ ಕಾಯುತ್ತಾ ಕೂತರು. ಮಾತು ಕೊಟ್ಟ ಮೇಲೂ ಕತ್ತಲೆ ಕತ್ತಲೆಯೇ.

ನನ್ನದೇನು ಅಂತ ಕೇಳಬೇಡಿ. ಪ್ರಾರ್ಥನೆಗೆ ಕೂತರೆ ಬಡ್ಡಿ ಲೆಕ್ಕ ಬರುತ್ತೆ.

ಮಲಗಿಸುವಾಗ ಅಪ್ಪ ಇವತ್ತು ಆ ಪ್ರಶ್ನೆ ಕೇಳಲಿಲ್ಲ. "ನಾಳೆ ಬರ್ತಾನೇನು ಅವ್ನು?" ಅಂದರು. ಬರ್ತಾನೆ ಅಂದೆ. ಮಾಮ ಹಾಗೇನೂ ಹೇಳಿರಲಿಲ್ಲ. ನಾಳೆ ಶುಕ್ರವಾರ, ಅವನಿಗೆ ಮೊಮ್ಮಗಳನ್ನು ಸ್ಕೂಲಿಂದ ಕರೆದುಕೊಂಡು ಬರುವ ಕೆಲಸ ಬೇರೆ ಇರುತ್ತೆ. ಬರದಿದ್ದರೆ ನಾನೇ ಮೊಣಕೈ ಹಾಕಬೇಕು, ಎಡಗಡೆಗೆ, ಬಲಗಡೆ ಮುಟ್ಟಿದರೆ ಅವರಿಗೆ ಗೊತ್ತಾಗಲ್ಲ.

ಕಂಬಳಿ ಮೇಲೆ ಬಿದ್ದ ಮಂಡಕ್ಕಿ ಇನ್ನೂ ತೆಗೆದಿಲ್ಲ, ಇರುವೆ ಬಂದುಬಿಡುತ್ತೆ. ಗೊರಕೆ ನಿಂತಿದೆ. ನೋಡಿ ಬರ್ತೀನಿ